ಹಳೆಯ ಪೆಟ್ರೋಲ್ ಗಾಡಿ: ಹೊರಡದಿದ್ದರೆ ಏನು, ನಿಲ್ಲದಿದ್ದರೆ ಏನು?

(ಹನೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಎತ್ತು ಮೇವು ಬಿಟ್ಟರೆ ನಾವು ಮೊದಲು ಬಾಯಿ ನೋಡುತ್ತೇವೆ, ಕಣ್ಣು ನೋಡುತ್ತೇವೆ, ಸಗಣಿ ನೋಡುತ್ತೇವೆ. ಆಮೇಲೆ ಪಶುವೈದ್ಯರ ಬಳಿಗೆ ಹೋಗುತ್ತೇವೆ. ಆದರೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮಾತ್ರ ಏನನ್ನೂ ನೋಡದೆ ಸೆಲ್ಫ್ ಹೊಡೆಯುತ್ತಲೇ ಇರುತ್ತೇವೆ. ಬ್ಯಾಟರಿ ಸತ್ತ ಮೇಲೆ ನಾಲ್ಕು ಜನರನ್ನು ಕೂಗಿ ತಳ್ಳಿಸುತ್ತೇವೆ. ಅದಕ್ಕೂ ಹೊರಡದಿದ್ದರೆ ಕಂಡ ಸ್ಕ್ರೂಗಳನ್ನೆಲ್ಲ ತಿರುಗಿಸುತ್ತೇವೆ. ಬೆಳಿಗ್ಗೆ ಒಂದೇ ಇದ್ದ ದೋಷ ಸಂಜೆಯ ಹೊತ್ತಿಗೆ ನಾಲ್ಕಾಗಿರುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಗಾಡಿಯನ್ನೂ ಎತ್ತಿನಂತೆಯೇ ನೋಡಿರಿ. ಕ್ರಮವಾಗಿ ನೋಡಿರಿ, ಒಂದು ಸಲಕ್ಕೆ ಒಂದನ್ನೇ ಮುಟ್ಟಿರಿ.

ಈ ಮಾತು ನಮ್ಮ ಭಾಗಕ್ಕೆ ಹೆಚ್ಚು ಬೇಕಾದದ್ದು. ಕೌದಳ್ಳಿ, ರಾಮಾಪುರ, ಮಾರ್ಟಳ್ಳಿ, ಲೊಕ್ಕನಹಳ್ಳಿ, ಒಡೆಯರಪಾಳ್ಯ, ಪೊನ್ನಾಚಿ, ಎತ್ತ ಹೋದರೂ ಗುಡ್ಡ, ಕಾಡು, ತಿರುವಿನ ದಾರಿ. ರೇಷ್ಮೆ ಗೂಡು ಬಿಡಿಸಿದ ಮೇಲೆ ಮಾರುಕಟ್ಟೆಗೆ ತಡವಾಗಿ ಹೋದರೆ ತೂಕ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೊಯ್ದ ತರಕಾರಿ ಸಂತೆಯ ಹೊತ್ತು ಮೀರಿದರೆ ದನಕ್ಕೆ ಹಾಕಬೇಕಾಗುತ್ತದೆ. ಹೆರಿಗೆ ನೋವಿನವರನ್ನು, ಹಾವು ಕಚ್ಚಿದವರನ್ನು ರಾತ್ರಿಯಲ್ಲಿ ಕರೆದೊಯ್ಯುವ ಸಂದರ್ಭವೂ ಬರುತ್ತದೆ. ಅಂಥ ಹೊತ್ತಿನಲ್ಲಿ ಮೊದಲು ೧೦೮ಕ್ಕೆ ಕರೆ ಮಾಡಬೇಕು. ಆದರೂ ಒಳಗಿನ ಊರುಗಳಲ್ಲಿ ಮನೆಯ ಗಾಡಿಯೇ ಮುಖ್ಯ ರಸ್ತೆಯವರೆಗೆ ಒಯ್ಯಬೇಕಾದೀತು.

ಯಾವ ಗಾಡಿಗಳ ಮಾತು?

ಇಂದಿನ ಹೊಸ ಕಾರುಗಳಲ್ಲಿ ಪೆಟ್ರೋಲನ್ನು ಇಂಜೆಕ್ಷನ್ ಮೂಲಕ ಅಳೆದು ಬಿಡುತ್ತಾರೆ. ಅವುಗಳ ವಿಷಯ ಬೇರೆ. ನಾನು ಹೇಳುವುದು ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳನ್ನು ಕುರಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦, ಅದರ ಹಿಂದೆಯೇ ಬಂದ ಮಾರುತಿ ವ್ಯಾನು, ಅಂದರೆ ನಾವು ಓಮ್ನಿ ಎನ್ನುವುದು, ಇವುಗಳ ಹಳೆಯ ಮಾದರಿಗಳೆಲ್ಲ ಈ ಜಾತಿಗೆ ಸೇರಿದವು. ಅಂಬಾಸಿಡರ್ ಮತ್ತು ಮಾರುತಿ ೮೦೦ ಎರಡರ ತಯಾರಿಕೆಯೂ ೨೦೧೪ರಲ್ಲಿ ನಿಂತಿತು. ಓಮ್ನಿ ೨೦೧೯ರಲ್ಲಿ ನಿಂತಿತು. ಆದರೂ ಇವು ಹಳ್ಳಿಗಳಲ್ಲಿ ಇನ್ನೂ ಓಡುತ್ತಿವೆ. ಬಾವಿಯ ಮೇಲಿನ ಪೆಟ್ರೋಲ್ ಪಂಪ್‌ಸೆಟ್ಟಿಗೂ ಈ ಮಾತಿನಲ್ಲಿ ಬಹುಪಾಲು ಅನ್ವಯಿಸುತ್ತದೆ.

ಒಲೆ ಹತ್ತಬೇಕಾದರೆ ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಇಂಜಿನ್ನಿಗೂ ಅಷ್ಟೇ. ಪೆಟ್ರೋಲು ಸೌದೆ. ಕಾರ್ಬೊರೇಟರ್ ಎಂಬುದು ಔಷಧಿ ಹೊಡೆಯುವ ಸ್ಪ್ರೇಯರಿನಂತೆ, ಗಾಳಿಯಲ್ಲಿ ಪೆಟ್ರೋಲನ್ನು ಮಂಜಾಗಿ ಬೆರೆಸಿ ಕಳಿಸುತ್ತದೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು ಹದಿನೈದು ಭಾಗ ಗಾಳಿ ಬೇಕು. ಪ್ಲಗ್ಗು ಕಿಡಿ ಕೊಡುತ್ತದೆ. ಇವಲ್ಲದೆ ನಾಲ್ಕನೆಯದೊಂದಿದೆ: ಮೊದಲ ಕೆಲವು ಸುತ್ತು ಇಂಜಿನ್ನನ್ನು ತಿರುಗಿಸಲು ಬ್ಯಾಟರಿ ಮತ್ತು ಸೆಲ್ಫ್ ಮೋಟಾರು. ತಿರುಗು, ಕಿಡಿ, ಪೆಟ್ರೋಲು, ಗಾಳಿ. ಈ ನಾಲ್ಕರಲ್ಲಿ ಯಾವುದು ಇಲ್ಲ ಎಂದು ಕಂಡುಹಿಡಿಯುವುದೇ ದುರಸ್ತಿಯ ಮುಕ್ಕಾಲು ಪಾಲು.

ಸೆಲ್ಫ್ ತಿರುಗದಿದ್ದರೆ

ಮೊದಲು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ಹತ್ತಲೇ ಇಲ್ಲವೆಂದರೆ ಅಥವಾ ಸೆಲ್ಫ್ ಹೊಡೆದೊಡನೆ ಮಂಕಾಯಿತೆಂದರೆ ಬ್ಯಾಟರಿ ಬಳಲಿದೆ, ಇಲ್ಲವೆ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಪ್ರಕಾಶವಾಗಿಯೇ ಉಳಿದು, ಬರೀ 'ಟಕ್' ಎಂದರೆ ಅಥವಾ ಸದ್ದೇ ಇಲ್ಲವೆಂದರೆ ದೋಷ ಸೆಲ್ಫ್ ಮೋಟಾರಿನಲ್ಲಿ, ಅದರ ಸೊಲೆನಾಯ್ಡಿನಲ್ಲಿ ಅಥವಾ ಕೀ ಸ್ವಿಚ್ಚಿನಲ್ಲಿ ಇರುತ್ತದೆ.

ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಟರ್ಮಿನಲ್ ನೋಡಿರಿ. ಬಿಳಿ ಅಥವಾ ಹಸಿರು ಹುಡಿ ಕಟ್ಟಿಕೊಂಡಿದ್ದರೆ ಕರೆಂಟು ಹರಿಯದು. ವೈರು ಬಿಚ್ಚುವಾಗ ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು. ಬಿಸಿ ನೀರಿನಿಂದ ತೊಳೆದು, ಒರೆಸಿ, ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿರಿ. ಕಟ್ಟುವಾಗ ಮೊದಲು ಪ್ಲಸ್ಸು, ಕೊನೆಗೆ ಮೈನಸ್ಸು. ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನೂ ಹೀಗೆಯೇ ನೋಡಿರಿ. ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ದೋಷ ಅಲ್ಲಿಯೇ ಅಡಗಿರುತ್ತದೆ.

ಮೀಟರ್ ಇದ್ದವರು ಅಳೆಯಬಹುದು. ತುಂಬಿದ ಬ್ಯಾಟರಿ ಗಾಡಿ ನಿಂತಿರುವಾಗ ೧೨.೬ ವೋಲ್ಟ್ ತೋರಿಸುತ್ತದೆ. ೧೨.೨ ಬಂದರೆ ಅರ್ಧ ಖಾಲಿ. ಸೆಲ್ಫ್ ತಿರುಗುವಾಗ ಸುಮಾರು ೯.೬ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವೆಂದು ತಿಳಿಯಬೇಕು.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಮೂರು ಸಲಕ್ಕೆ ಹೊರಡದಿದ್ದರೆ ನಾಲ್ಕನೆಯ ಸಲ ಹೊಡೆಯಬೇಡಿರಿ. ಬಾನೆಟ್ ಎತ್ತಿರಿ. ಓಮ್ನಿಯಾದರೆ ಮುಂದಿನ ಸೀಟು ಎತ್ತಿರಿ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟು ತೆಗೆದುಕೊಳ್ಳುವಾಗ ಒಂದು ಕ್ರಮವಿದೆ. ಕೆಂಪು ತಂತಿಯನ್ನು ಪ್ಲಸ್ಸಿಗೂ ಪ್ಲಸ್ಸಿಗೂ ಹಾಕಿರಿ. ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ ಹಾಕಿರಿ. ಇನ್ನೊಂದು ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ, ಅದರಿಂದ ದೂರದಲ್ಲಿ ಇಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿರಿ. ಬ್ಯಾಟರಿಯಿಂದ ಉರಿಯುವ ಅನಿಲ ಏಳುತ್ತದೆ. ಅದರ ಬಳಿ ಕಿಡಿ ಹಾರಬಾರದು, ಬೀಡಿಯನ್ನೂ ಹಚ್ಚಬಾರದು.

ಸೆಲ್ಫ್ ತಿರುಗಿಯೂ ಇಂಜಿನ್ ಹೊರಡದಿದ್ದರೆ

ಇಲ್ಲಿ ಎರಡೇ ಪ್ರಶ್ನೆ: ಕಿಡಿ ಇದೆಯೇ? ಪೆಟ್ರೋಲು ಬರುತ್ತಿದೆಯೇ?

ಕಿಡಿ ನೋಡಲು ಗಾಡಿಯಲ್ಲಿ ಸದಾ ಒಂದು ಸ್ಪೇರ್ ಪ್ಲಗ್ ಇಟ್ಟುಕೊಳ್ಳಿರಿ. ಇಂಜಿನ್ನಿನ ಒಂದು ಪ್ಲಗ್ ವೈರನ್ನು ಕಿತ್ತು ಈ ಸ್ಪೇರ್ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇರಿಸಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ, ಚಟಚಟ ಎನ್ನುವ ಕಿಡಿ ಬಂದರೆ ಒಳ್ಳೆಯದು. ಹಳದಿ, ಸಣಕಲು ಕಿಡಿ ಬಂದರೆ ದುರ್ಬಲ. ಇಂಜಿನ್ನಿನ ಪ್ಲಗ್ಗನ್ನು ಬಿಚ್ಚದೆ ಇರುವುದರಿಂದ ರಂಧ್ರದ ಮೂಲಕ ಪೆಟ್ರೋಲ್ ಆವಿ ಹೊರಬರುವುದಿಲ್ಲ. ಪ್ಲಗ್ಗನ್ನು ಕೈಯಲ್ಲಿ ಹಿಡಿಯಬೇಡಿರಿ, ಸಾವಿರಾರು ವೋಲ್ಟಿನ ಹೊಡೆತ ಅದು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ವೈರನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಅದರ ಮಾಡ್ಯೂಲ್ ಸುಡಬಹುದು. ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಅದು ಆರುವವರೆಗೂ ಕಿಡಿಯ ಪರೀಕ್ಷೆ ಮಾಡಲೇಬೇಡಿರಿ.

ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿರಿ. ಮಳೆಗಾಲದಲ್ಲಿ ಒಳಗೆ ತೇವ ಕೂತಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಗಾಡಿ ಹೊರಡುತ್ತದೆ. ಮುಚ್ಚಳದಲ್ಲಿ ಕೂದಲಿನಂಥ ಬಿರುಕು ಕಂಡರೆ ಬದಲಾಯಿಸಬೇಕು. ಪಾಯಿಂಟ್ ಇರುವ ಗಾಡಿಗಳಲ್ಲಿ ಆ ಪಾಯಿಂಟುಗಳು ಕಪ್ಪಾಗಿವೆಯೇ, ಗುಳಿ ಬಿದ್ದಿವೆಯೇ ನೋಡಿರಿ. ಪೂರ್ತಿ ತೆರೆದಾಗ ಅವುಗಳ ನಡುವೆ ಸುಮಾರು ೦.೪ ಮಿಲಿಮೀಟರ್ ಅಂತರವಿರಬೇಕು. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಇವೆಲ್ಲ ಸರಿಯಿದ್ದೂ ಕಿಡಿ ಇಲ್ಲವೆಂದರೆ ಕಾಯಿಲ್ ಅಥವಾ ಕಂಡೆನ್ಸರ್ ಕಡೆಗೆ ತಿರುಗಬೇಕು.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಕಡೆ ನೋಡಿರಿ. ಕೀ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರಿನ ಬಾಯಿ ನೋಡುತ್ತ ಆಕ್ಸಿಲರೇಟರ್ ತಂತಿಯನ್ನು ಕೈಯಿಂದ ಎಳೆಯಿರಿ. ಬಹುತೇಕ ಗಾಡಿಗಳಲ್ಲಿ ಒಳಗೆ ಪೆಟ್ರೋಲು ಸಣ್ಣ ಎಳೆಯಾಗಿ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೊರೇಟರಿನ ತೊಟ್ಟಿಯಲ್ಲಿ ಪೆಟ್ರೋಲು ಇದೆ ಎಂದಾಯಿತು. ಚಿಮ್ಮದಿದ್ದರೆ ಹಿಂದಕ್ಕೆ ಹೋಗಿರಿ: ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ, ಫಿಲ್ಟರ್ ಕಟ್ಟಿದೆಯೇ, ಎ.ಸಿ. ಪಂಪ್ ಎತ್ತುತ್ತಿದೆಯೇ. ಮುಳ್ಳು ತೋರಿಸುವುದನ್ನು ನಂಬಬೇಡಿರಿ. ಹಳೆಯ ಗಾಡಿಯಲ್ಲಿ ಮೊದಲು ಸುಳ್ಳು ಹೇಳುವುದು ಪೆಟ್ರೋಲಿನ ಮುಳ್ಳು.

ಸೆಲ್ಫ್ ಹೊಡೆಯುವಾಗ ಕಾರ್ಬೊರೇಟರಿನ ಬಾಯಿಗೆ ಮುಖ ಇಡಬಾರದು. ಬಾಟಲಿಯಿಂದ ಅದರೊಳಕ್ಕೆ ಪೆಟ್ರೋಲ್ ಸುರಿಯುತ್ತ ಸೆಲ್ಫ್ ಹೊಡೆಯುವ ಅಭ್ಯಾಸ ಕೆಲವರಲ್ಲಿದೆ. ಇಂಜಿನ್ ಒಂದು ಸಲ ಹಿಂದಕ್ಕೆ ಸಿಡಿದರೆ ಬಾಟಲಿಯೇ ಬೆಂಕಿಯಾಗುತ್ತದೆ. ಇದನ್ನು ಬಿಟ್ಟುಬಿಡಿರಿ.

ಚಳಿಯ ಬೆಳಿಗ್ಗೆ ಮತ್ತು ಓವರ್‌ಫ್ಲೋ

ತಣ್ಣಗಿರುವ ಇಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಚೋಕ್ ಎಳೆದು ಗಾಳಿಯನ್ನು ಕಡಿಮೆ ಮಾಡಿ ಮಿಶ್ರಣವನ್ನು ಗಟ್ಟಿ ಮಾಡುತ್ತೇವೆ. ಇಂಜಿನ್ ಹೊರಟು ಸ್ವಲ್ಪ ಬಿಸಿಯಾಗುತ್ತಿದ್ದಂತೆ ಚೋಕನ್ನು ಹಂತಹಂತವಾಗಿ ಒಳಗೆ ತಳ್ಳಬೇಕು. ಎಳೆದೇ ಬಿಟ್ಟರೆ ಪೆಟ್ರೋಲು ವ್ಯರ್ಥ, ಪ್ಲಗ್ಗಿಗೆ ಮಸಿ, ಆಯಿಲ್ ತೆಳುವಾಗಿ ಇಂಜಿನ್ನಿಗೆ ಸವೆತ. ಚೋಕ್ ಎಳೆದರೂ ಹೊರಡದಿದ್ದರೆ ಬಾನೆಟ್ ಎತ್ತಿ, ತಂತಿ ಎಳೆದಾಗ ಕಾರ್ಬೊರೇಟರಿನ ಮೇಲಿನ ತಗಡು ನಿಜವಾಗಿ ಮುಚ್ಚುತ್ತದೆಯೇ ನೋಡಿರಿ. ತಂತಿ ಜಾರಿ, ಗುಬುಟು ಮಾತ್ರ ಕೈಗೆ ಬರುವುದುಂಟು.

ಆಕ್ಸಿಲರೇಟರನ್ನು ಪದೇ ಪದೇ ತುಳಿದರೆ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ಒದ್ದೆಯಾಗುತ್ತದೆ. ಇದಕ್ಕೆ ಓವರ್‌ಫ್ಲೋ ಎನ್ನುತ್ತಾರೆ. ಗಾಡಿಯ ಸುತ್ತ ಪೆಟ್ರೋಲ್ ವಾಸನೆ ಬರುವುದೇ ಗುರುತು. ಆಗ ಹತ್ತು ನಿಮಿಷ ಸುಮ್ಮನಿರಿ. ಬಳಿಕ ಚೋಕನ್ನು ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ಒತ್ತಿ ಹಿಡಿದು, ಬಿಡದೆ, ಮತ್ತೆ ಮತ್ತೆ ತುಳಿಯದೆ, ಸೆಲ್ಫ್ ಹೊಡೆಯಿರಿ. ಹೆಚ್ಚು ಗಾಳಿ ಹೋಗಿ ಒಳಗಿನ ಪೆಟ್ರೋಲು ಒಣಗುತ್ತದೆ. ಹೊರಟೊಡನೆ ಕಾಲು ತೆಗೆಯಿರಿ. ಪ್ರತಿದಿನವೂ ಹೀಗೇ ಆಗುತ್ತಿದ್ದರೆ ಕಾರ್ಬೊರೇಟರಿನ ಫ್ಲೋಟ್ ಅಥವಾ ಸೂಜಿ ಕವಾಟ ಸವೆದಿದೆ. ಇದು ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಅದು ಕೂರದಿದ್ದರೆ ತೊಟ್ಟಿ ತುಂಬಿ ಹರಿಯುತ್ತದೆ.

ಪ್ಲಗ್ಗು ಬಿಚ್ಚಿ ನೋಡಿದರೆ ಅದೇ ಕಥೆ ಹೇಳುತ್ತದೆ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕರಿ ಮಸಿಯಿದ್ದರೆ ಪೆಟ್ರೋಲು ಹೆಚ್ಚು ಅಥವಾ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಶಾಖ ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಕಿಡಿ ಬಂದಿಲ್ಲ, ಇಲ್ಲವೆ ಓವರ್‌ಫ್ಲೋ ಆಗಿದೆ.

ಗುಡ್ಡ ಹತ್ತಿ ನಿಲ್ಲಿಸಿದ ಮೇಲೆ ಹೊರಡದಿದ್ದರೆ

ಇದು ನಮ್ಮ ದಾರಿಗಳ ವಿಶೇಷ ತೊಂದರೆ. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಹತ್ತುವಾಗ ಗಾಡಿ ಕೆಳಗಿನ ಗೇರಿನಲ್ಲಿ, ನಿಧಾನವಾಗಿ, ಭಾರ ಹೊತ್ತು ಸಾಗುತ್ತದೆ. ಇಂಜಿನ್ ಕೊತ ಕೊತ ಎನ್ನುತ್ತಿರುತ್ತದೆ. ಮೇಲೆ ನಿಲ್ಲಿಸಿ, ಸ್ವಾಮಿಯ ದರ್ಶನ ಮುಗಿಸಿಯೋ ಟೀ ಕುಡಿದೋ ಬಂದು ಸೆಲ್ಫ್ ಹೊಡೆದರೆ ಹೊರಡುವುದೇ ಇಲ್ಲ. ಒಂದು ಗಂಟೆ ಬಿಟ್ಟರೆ ತಾನಾಗಿ ಹೊರಡುತ್ತದೆ.

ಕಾರಣ ಇದು. ಇಂಜಿನ್ ಓಡುತ್ತಿರುವಾಗ ನೀರು ಸುತ್ತುತ್ತದೆ, ಫ್ಯಾನಿನ ಗಾಳಿ ಬೀಸುತ್ತದೆ. ನಿಲ್ಲಿಸಿದ ಕೂಡಲೇ ಎರಡೂ ನಿಲ್ಲುತ್ತವೆ. ಕಬ್ಬಿಣದಲ್ಲಿರುವ ಶಾಖವೆಲ್ಲ ಮೇಲೆದ್ದು ಕಾರ್ಬೊರೇಟರ್, ಪಂಪು, ಪೈಪುಗಳಿಗೆ ತಗಲುತ್ತದೆ. ಹಾಗಾಗಿ ಬಾನೆಟ್ಟಿನ ಕೆಳಗಿನ ಬಿಸಿ ನಿಲ್ಲಿಸಿದ ಮೇಲೆಯೇ ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು ೩೫–೪೦ ಡಿಗ್ರಿ ಸೆಂಟಿಗ್ರೇಡಿನಲ್ಲೇ ಕುದಿಯತೊಡಗುತ್ತವೆ. ಪೈಪಿನಲ್ಲಿ ಪೆಟ್ರೋಲಿನ ಬದಲು ಆವಿ ತುಂಬಿದರೆ ಪಂಪು ಎತ್ತುವುದಿಲ್ಲ. ಬಾವಿಯ ಪಂಪು ಗಾಳಿ ಹಿಡಿದಾಗ ಓಡುತ್ತಿದ್ದರೂ ನೀರು ಬಾರದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಇದೂ ಹಾಗೆಯೇ. ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಕಾರ್ಬೊರೇಟರಿನ ತೊಟ್ಟಿಯಲ್ಲೇ ಕುದಿದರೆ ಮಾತ್ರ ಪೆಟ್ರೋಲು ಉಕ್ಕಿ ಒಳಗೆ ಸುರಿದು ಓವರ್‌ಫ್ಲೋ ಆಗುತ್ತದೆ. ಆಗ ಮೇಲೆ ಹೇಳಿದಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊರಡಿಸಬೇಕು.

ವೇಪರ್ ಲಾಕಿಗೆ ಔಷಧಿ ತಾಳ್ಮೆ. ಬಾನೆಟ್ ತೆರೆದು ಅರ್ಧ ಗಂಟೆ ನೆರಳಿನಲ್ಲಿ ಬಿಡಿರಿ. ಒದ್ದೆ ಬಟ್ಟೆಯನ್ನು ಹಿಂಡಿ ಎ.ಸಿ. ಪಂಪಿನ ಮೇಲೆ, ಪೆಟ್ರೋಲ್ ಪೈಪಿನ ಮೇಲೆ ಹಾಕಬಹುದು. ಕಾದ ಇಂಜಿನ್ನಿನ ಮೇಲೆ ಮಾತ್ರ ತಣ್ಣೀರು ಸುರಿಯಬೇಡಿರಿ, ಲೋಹ ಬಿರಿಯುತ್ತದೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬೇಡಿರಿ, ಕುದಿನೀರು ಮುಖಕ್ಕೆ ಹಾರುತ್ತದೆ. ಇನ್ನು ಮುಂದೆ ಗುಡ್ಡ ಹತ್ತಿದೊಡನೆ ಕೀ ತೆಗೆಯದೆ, ಒಂದೆರಡು ನಿಮಿಷ ಸ್ಲೋನಲ್ಲಿ ಓಡಲು ಬಿಟ್ಟು ನಿಲ್ಲಿಸಿರಿ. ಪೆಟ್ರೋಲ್ ಪೈಪು ಸೈಲೆನ್ಸರ್ ಕೊಳವೆಯ ಹತ್ತಿರ ಹಾದುಹೋಗಿದ್ದರೆ ದೂರ ಸರಿಸಿ ಕಟ್ಟಿಸಿರಿ.

ಆದರೆ ಬಿಸಿಯಲ್ಲಿ ನಿಲ್ಲುವ ಗಾಡಿಗೆಲ್ಲ ವೇಪರ್ ಲಾಕ್ ಕಾರಣವಲ್ಲ. ಕಾಯಿಲ್ ಅಥವಾ ಕಂಡೆನ್ಸರ್ ಹಳತಾದರೂ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಯಾಗುತ್ತದೆ. ಎರಡರ ಲಕ್ಷಣವೂ ಒಂದೇ. ಅದಕ್ಕೇ ಜನ ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿಸಿ ಹಣ ಕಳೆದುಕೊಳ್ಳುತ್ತಾರೆ. ಗುರುತಿಸುವ ಉಪಾಯ ಒಂದೇ: ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮೊದಲೇ, ಸ್ಪೇರ್ ಪ್ಲಗ್ಗಿನಿಂದ ಕಿಡಿ ನೋಡಿರಿ. ಕಿಡಿ ಇಲ್ಲದಿದ್ದರೆ ಕಾಯಿಲ್ ಕಡೆಯ ದೋಷ. ಕಿಡಿ ಇದ್ದರೆ ಪೆಟ್ರೋಲಿನ ದೋಷ. ತಣ್ಣಗಾದ ಮೇಲೆ ಮೆಕ್ಯಾನಿಕ್ಕಿಗೆ ತೋರಿಸಿದರೆ ಅವರಿಗೂ ಏನೂ ಕಾಣುವುದಿಲ್ಲ.

ಹೊರಟು ಕೂಡಲೇ ನಿಂತರೆ

ಕೀಯನ್ನು ಸ್ಟಾರ್ಟಿಗೆ ತಿರುಗಿಸಿದಾಗ ಹೊರಟು, ಕೈ ಬಿಟ್ಟೊಡನೆ ನಿಂತರೆ ಕೀ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಕರೆಂಟಿನ ದಾರಿ ತುಂಡಾಗಿದೆ ಎಂದು ತಿಳಿಯಿರಿ.

ಆಕ್ಸಿಲರೇಟರ್ ಒತ್ತಿರುವಷ್ಟು ಹೊತ್ತು ಓಡಿ, ಕಾಲು ತೆಗೆದೊಡನೆ ನಿಂತರೆ ಸ್ಲೋ ಜೆಟ್ ಕಸದಿಂದ ಕಟ್ಟಿದೆ. ಇಲ್ಲವೆ ಕಾರ್ಬೊರೇಟರಿನ ಮೇಲಿರುವ ಚಿಕ್ಕ ಸೊಲೆನಾಯ್ಡಿಗೆ ಕರೆಂಟು ಬರುತ್ತಿಲ್ಲ. ಈ ಸೊಲೆನಾಯ್ಡ್ ಇರುವ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಅದು 'ಟಿಕ್' ಎನ್ನಬೇಕು. ಎನ್ನದಿದ್ದರೆ ಅದರ ವೈರು ಕಳಚಿದೆಯೇ ನೋಡಿರಿ. ಒಂದು ವೈರು ಸಿಕ್ಕಿಸುವ ಕೆಲಸಕ್ಕೆ ಕಾರ್ಬೊರೇಟರನ್ನೇ ಬದಲಾಯಿಸಬೇಕಾಗಿಲ್ಲ.

ನಾಲ್ಕಾರು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದಾದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿತೆಂದರೆ ಗಾಳಿಯಾಡುವ ಸಣ್ಣ ರಂಧ್ರ ಮುಚ್ಚಿಕೊಂಡಿದೆ. ಗಾಳಿ ಒಳಗೆ ಬಾರದೆ ಪೆಟ್ರೋಲು ಹೊರಗೆ ಹೋಗದು. ರಂಧ್ರ ಬಿಡಿಸಿದರೆ ಕೆಲಸ ಮುಗಿಯಿತು.

ಕೀ ತೆಗೆದರೂ ಇಂಜಿನ್ ನಿಲ್ಲದಿದ್ದರೆ

ಹೊರಡದ ಗಾಡಿಯನ್ನು ಎಲ್ಲರೂ ಬೈಯುತ್ತಾರೆ. ನಿಲ್ಲದ ಗಾಡಿಯನ್ನು ಕಂಡು ನಗುತ್ತಾರೆ. ನಗುವ ವಿಷಯವಲ್ಲ ಅದು, ಒಳಗಿನ ರೋಗದ ಗುರುತು.

ಕೀ ತೆಗೆದ ಮೇಲೂ ಇಂಜಿನ್ ನಡುಗುತ್ತ, ಕೆಮ್ಮುತ್ತ, ಹತ್ತು ಹದಿನೈದು ಸೆಕೆಂಡು ತಿರುಗಿ ನಿಂತರೆ, ಕಿಡಿಯಿಲ್ಲದೆಯೇ ಒಳಗೆ ಪೆಟ್ರೋಲು ಹತ್ತಿಕೊಳ್ಳುತ್ತಿದೆ ಎಂದರ್ಥ. ಒಳಗೆ ಕಟ್ಟಿದ ಮಸಿ ಕೆಂಡದಂತೆ ಕಾದು ಕಿಡಿಯ ಕೆಲಸ ಮಾಡುತ್ತದೆ. ಮುಖ್ಯ ಕಾರಣಗಳು ಇವು: ಸ್ಲೋ ಸ್ಪೀಡನ್ನು ಹೆಚ್ಚಾಗಿ ಏರಿಸಿಟ್ಟಿರುವುದು, ಇಂಜಿನ್ ಹೆಚ್ಚು ಬಿಸಿಯಾಗುತ್ತಿರುವುದು, ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರಿ ಮಿಶ್ರಣ ತೆಳುವಾಗಿರುವುದು, ಟೈಮಿಂಗ್ ತಪ್ಪಿರುವುದು, ಸೀಮೆಎಣ್ಣೆ ಬೆರೆತ ಪೆಟ್ರೋಲು, ಮತ್ತು ಈಗ ತಾನೆ ಹೇಳಿದ ಸೊಲೆನಾಯ್ಡ್ ತೆರೆದೇ ನಿಂತಿರುವುದು. ಸ್ಲೋ ಸರಿಯಾಗಿ ನಿಲ್ಲದ ಗಾಡಿಗೆ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸುವುದು ಸುಲಭ. ಆದರೆ ಆ ಸುಲಭೋಪಾಯವೇ ಸಂಜೆ ಗಾಡಿ ನಿಲ್ಲದಂತೆ ಮಾಡುತ್ತದೆ.

ಇಂಜಿನ್ ಸ್ವಲ್ಪವೂ ಕೆಮ್ಮದೆ, ಏನೂ ಆಗದಂತೆ ನೆಟ್ಟಗೆ ಓಡುತ್ತಿದ್ದರೆ ಅದು ಬೇರೆ ದೋಷ. ಕೀ ತೆಗೆದರೂ ಕಾಯಿಲಿಗೆ ಕರೆಂಟು ಹೋಗುತ್ತಿದೆ. ಸ್ವಿಚ್ಚು ಸವೆದಿರಬಹುದು ಅಥವಾ ಹಾರ್ನು, ಟೇಪು, ದೀಪ ಎಂದು ಯಾರೋ ಎಳೆದ ವೈರು ತಪ್ಪು ಕಡೆ ಸೇರಿರಬಹುದು. ಇದನ್ನು ವೈರಿಂಗ್ ಬಲ್ಲವರಿಗೆ ತೋರಿಸಬೇಕು.

ಎರಡು ಬಗೆಯಲ್ಲೂ ಗಾಡಿಯನ್ನು ಆ ಕ್ಷಣಕ್ಕೆ ನಿಲ್ಲಿಸುವ ರೀತಿ ಒಂದೇ. ಮುಂದೆ ಯಾರೂ ಇಲ್ಲದಂತೆ ನೋಡಿಕೊಳ್ಳಿರಿ. ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನು ಬಲವಾಗಿ ಒತ್ತಿ, ಟಾಪ್ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಡಿರಿ. ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಓಡುತ್ತಿರುವ ಇಂಜಿನ್ನಿನ ಬ್ಯಾಟರಿ ವೈರನ್ನು ಕೀಳಬೇಡಿರಿ. ಅದರಿಂದ ಆಲ್ಟರ್ನೇಟರ್ ಹಾಳಾಗುತ್ತದೆ. ನಿಲ್ಲಿಸುವ ಮುಂಚೆ ಒಮ್ಮೆ ಜೋರಾಗಿ ರೇಸ್ ಮಾಡಿ ಕೀ ತೆಗೆಯುವ ಚಟವನ್ನೂ ಬಿಡಿರಿ.

ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಬೇಡಿರಿ

ಪೆಟ್ರೋಲ್ ಉಳಿಯಲೆಂದು ಬೆಟ್ಟದಿಂದ ಇಳಿಯುವಾಗ ಕೀ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುವವರಿದ್ದಾರೆ. ಬಂಧುಗಳೇ, ಇಂದಿನ ಎಲ್ಲ ಮಾತನ್ನು ಮರೆತರೂ ಇದೊಂದನ್ನು ಮರೆಯಬೇಡಿರಿ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಅದಕ್ಕೆ ಬಲ ಬರುವುದು ಇಂಜಿನ್ ಎಳೆಯುವ ಗಾಳಿಯಿಂದ. ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತುವುದರೊಳಗೆ ಆ ಬಲ ಮುಗಿದು ಬ್ರೇಕ್ ಕಲ್ಲಿನಂತಾಗುತ್ತದೆ. ಗೇರು ಇಲ್ಲದ್ದರಿಂದ ಇಂಜಿನ್ನಿನ ಹಿಡಿತವೂ ಇಲ್ಲ. ಕೀಯನ್ನು ಪೂರ್ತಿ ತಿರುಗಿಸಿ ತೆಗೆದರೆ ಸ್ಟಿಯರಿಂಗ್ ಬೀಗ ಬೀಳುವುದೂ ಉಂಟು. ಮುಂದಿನ ತಿರುವಿನಲ್ಲಿ ಬಸ್ಸು ಬಂದರೆ ಏನು ಗತಿ? ಹತ್ತಿದ ಗೇರಿನಲ್ಲಿಯೇ ಇಳಿಯುವುದು ಹಿರಿಯ ಡ್ರೈವರುಗಳ ನಿಯಮ. ಕಾಡಿನ ನಡುವೆ ತಾನಾಗಿ ಇಂಜಿನ್ ನಿಂತರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಅಂಚಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿರಿ. ಆನೆ ಓಡಾಡುವ ಜಾಗದಲ್ಲಿ ಕತ್ತಲಾದ ಮೇಲೆ ಇಳಿದು ದುರಸ್ತಿಗೆ ತೊಡಗಬೇಡಿರಿ.

ಈಗಿನ ಪೆಟ್ರೋಲು, ಅಂದಿನ ಇಂಜಿನ್

೨೦೨೩ರ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ಶೇಕಡ ೨೦ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಮುಂದೆ ಅದೇ ದೇಶದ ಬಂಕುಗಳಿಗೆಲ್ಲ ಹರಡಿತು. ಎಥೆನಾಲ್ ನಮ್ಮ ಕಬ್ಬಿನಿಂದ, ಮುಸುಕಿನ ಜೋಳದಿಂದ, ಅಕ್ಕಿಯಿಂದ ಬರುವುದು. ಬೆಳೆಯುವ ರೈತನಿಗೆ ಅದು ಮಾರುಕಟ್ಟೆ. ಆದರೆ ಅದೇ ರೈತನ ಹಳೆಯ ಗಾಡಿಗೆ ಅದು ಹೊಸ ಮೇವು.

ಮೂರು ವಿಷಯ ತಿಳಿದಿರಬೇಕು. ಮೊದಲನೆಯದು, ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು. ತೂಕದ ಲೆಕ್ಕದಲ್ಲಿ ಒಂದಕ್ಕೆ ಸುಮಾರು ಒಂಬತ್ತು. ಕಾರ್ಬೊರೇಟರಿಗೆ ಇದು ಗೊತ್ತಾಗದು, ಹಳೆಯ ಅಳತೆಯಲ್ಲೇ ಕಳಿಸುತ್ತದೆ. ಆದ್ದರಿಂದ ಮಿಶ್ರಣ ತೆಳುವಾಗಿ ಬೆಳಿಗ್ಗೆ ಹೊರಡುವುದು ಕಷ್ಟವಾಗಬಹುದು. ಹೊಗೆ ತಪಾಸಣೆಯ ಯಂತ್ರವಿಟ್ಟುಕೊಂಡು ಟ್ಯೂನಿಂಗ್ ಮಾಡಿಸಿದರೆ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಎರಡನೆಯದು, ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಅದು ಎಥೆನಾಲಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಂಪು ಮೊದಲು ಎಳೆಯುವುದು ಅದನ್ನೇ. ಗಾಡಿಯನ್ನು ವಾರಕ್ಕೊಮ್ಮೆಯಾದರೂ ಓಡಿಸಿರಿ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಹಳೆಯ ರಬ್ಬರ್ ಪೈಪುಗಳು ಇದರಲ್ಲಿ ಊದಿ, ಮೆತ್ತಗಾಗಿ, ಬಿರಿಯುತ್ತವೆ. ಹನಿಯುವ ಪೆಟ್ರೋಲು ಕಾದ ಸೈಲೆನ್ಸರ್ ಮೇಲೆ ಬಿದ್ದರೆ ಗಾಡಿಯೇ ಉರಿದುಹೋಗುತ್ತದೆ. ಓಮ್ನಿಯಲ್ಲಿ ಇಂಜಿನ್ ಇರುವುದು ನಾವು ಕೂರುವ ಸೀಟಿನ ಕೆಳಗೇ ಎಂಬುದನ್ನು ನೆನಪಿಡಿರಿ. ಎಥೆನಾಲ್ ತಾಳುವ ಹೊಸ ಪೈಪು, ಹೊಸ ಕ್ಲಿಪ್ಪು, ಹೊಸ ಫಿಲ್ಟರ್ ಹಾಕಿಸುವುದಕ್ಕೆ ಆಗುವ ಖರ್ಚು ಗಾಡಿಯ ಬೆಲೆಯ ಮುಂದೆ ಏನೂ ಅಲ್ಲ.

ಪೆಟ್ರೋಲಿಗೆ ಬೆಂಕಿ ಬಿದ್ದರೆ ನೀರು ಎರಚಬಾರದು, ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿ ಹರಡುತ್ತದೆ. ಮೊದಲು ಜನರನ್ನು ಇಳಿಸಿ ದೂರ ಕಳಿಸಿರಿ. ಬೆಂಕಿ ಚಿಕ್ಕದಾಗಿದ್ದರೆ ಮಾತ್ರ ಒಣ ಪುಡಿಯ ಆರಕ ಅಥವಾ ಮರಳಿನಿಂದ ಆರಿಸಿರಿ.

ಗಾಡಿಯಲ್ಲಿ ಇರಬೇಕಾದವು

ಸ್ಪೇರ್ ಪ್ಲಗ್ಗು ಮತ್ತು ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಎಮರಿ ಕಾಗದ, ಒಣ ಬಟ್ಟೆ, ಟಾರ್ಚು, ಜಂಪರ್ ತಂತಿ, ಫ್ಯೂಸುಗಳು, ಒಂದು ಪೆಟ್ರೋಲ್ ಫಿಲ್ಟರ್, ಕುಡಿಯುವ ನೀರು, ಒಂದು ಕಿಲೋ ಒಣ ಪುಡಿಯ ಬೆಂಕಿ ಆರಕ, ಚಕ್ರಕ್ಕೆ ಕೊಡಲು ಮರದ ತುಂಡು. ಇವಿಷ್ಟು ಒಂದು ಗೋಣಿಚೀಲದಲ್ಲಿ ಹಿಡಿಯುತ್ತವೆ. ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಗಾಡಿಯೊಳಗೆ ಇಡಬಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಿ ಪರೀಕ್ಷಿಸಬಾರದು, ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿರುತ್ತದೆ.

ಇಷ್ಟು ನೋಡಿಯೂ ತಿಳಿಯದಿದ್ದರೆ ಮೆಕ್ಯಾನಿಕ್ಕಿನ ಬಳಿಗೆ ಹೋಗಿರಿ. ಹೋಗುವಾಗ 'ಗಾಡಿ ಕೆಟ್ಟಿದೆ, ನೋಡಪ್ಪ' ಎಂದಷ್ಟೇ ಹೇಳಬೇಡಿರಿ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಸ್ಲೋನಲ್ಲೋ ಓಟದಲ್ಲೋ, ಕಿಡಿ ಇತ್ತೋ ಇಲ್ಲವೋ, ಕೀ ತೆಗೆದ ಮೇಲೆ ಕೆಮ್ಮಿ ನಿಂತಿತೋ ನೆಟ್ಟಗೆ ಓಡಿತೋ, ಇವನ್ನು ಹೇಳಿರಿ. ಮನೆಯ ಹುಡುಗರಿಗೂ ಹುಡುಗಿಯರಿಗೂ ಇದನ್ನು ಕಲಿಸಿಕೊಡಿರಿ. ಗಾಡಿಯ ನೋಂದಣಿ ೧೫ ವರ್ಷಕ್ಕೆ ಮುಗಿದಿದ್ದರೆ ಅದನ್ನು ತಪ್ಪದೆ ನವೀಕರಿಸಿರಿ, ವಿಮೆಯನ್ನು ತಪ್ಪಿಸಬೇಡಿರಿ. ಅವಿಲ್ಲದ ಗಾಡಿ ಸರಿಯಾಗಿ ಓಡಿದರೂ ಓಡದ ಗಾಡಿಗೆ ಸಮ.

ಬರುವ ಭಾನುವಾರ ಬೆಳಿಗ್ಗೆ, ಗಾಡಿ ಚೆನ್ನಾಗಿರುವಾಗಲೇ, ಬಾನೆಟ್ ಎತ್ತಿ ಮೂರು ಕೆಲಸ ಮಾಡಿರಿ: ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿ ಮಾಡಿರಿ, ಪೆಟ್ರೋಲ್ ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿರಿ, ಸ್ಪೇರ್ ಪ್ಲಗ್ಗಿನಿಂದ ಒಳ್ಳೆಯ ಕಿಡಿ ಹೇಗಿರುತ್ತದೆಂದು ಕಣ್ಣಾರೆ ಕಂಡುಕೊಳ್ಳಿರಿ. ಆರೋಗ್ಯ ಹೇಗಿರುತ್ತದೆಂದು ತಿಳಿದವರಿಗೆ ರೋಗವನ್ನು ಗುರುತಿಸುವುದು ಕಷ್ಟವಲ್ಲ.